ಕತ್ತಲಾಗಿರಬೇಕಿದ್ದ ಕುಳಿ

ದೆವ್ವ, ಗಾಳಿ, ಸೋಕು ಎಂದು ಯಾರಾದರೂ ಮಾತು ತೆಗೆದರೆ ನಾನು ಮೊದಲು ನಕ್ಕುಬಿಡುತ್ತಿದ್ದೆ. ನಕ್ಕು ಸುಮ್ಮನಾಗುವವಳೂ ಅಲ್ಲ. ಎದುರಿಗಿದ್ದವರು ಬಾಯಿ ಮುಚ್ಚುವ ತನಕ ವಾದ ಹಾಕುವವಳು. ಮೂಡಲಗಿಯಲ್ಲಿ ನಮ್ಮ ಮನೆಯ ಮುಂದಿನ ದಾರಿಯಲ್ಲಿ ಯಾರೋ ದೃಷ್ಟಿ ಇಳಿಸಿ ಹೋದ ನಿಂಬೆಹಣ್ಣು ಬಿದ್ದಿದ್ದರೆ ಅವ್ವ ಬಾಜೂಕ್ಕೆ ಸರಿದು ಹೋಗು ಎನ್ನುತ್ತಿದ್ದಳು. ನಾನು ಬೇಕಂತಲೇ ತುಳಿದು ಹೋಗುತ್ತಿದ್ದೆ. "ಇಕಿಗೆ ಸಾಲಿ ಕಲಿಸಿದ್ದ ತಪ್ಪಾತು ನೋಡ" ಎಂದು ಅವ್ವ ಬೈಯುತ್ತಿದ್ದಳು. ಹಾಗಾಗಿ ಈಗ ಹೇಳುವುದನ್ನು ಓದಿ ನೀವು ನಕ್ಕರೆ ನನಗೇನೂ ಸಿಟ್ಟಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ನಿಮಗಿಂತ ಜೋರಾಗಿ ನಗುತ್ತಿದ್ದೆ.

ಇಂಥ ಕಥೆಗಳೆಲ್ಲ ನಡುರಾತ್ರಿ ನಡೆಯುತ್ತವೆ ಎಂದು ಕೇಳಿದ್ದೇನೆ. ನನಗಾದದ್ದು ಮಟಮಟ ಮಧ್ಯಾಹ್ನ, ರೊಟ್ಟಿ ತಿಂದು ಕೈ ತೊಳೆದು ಬಂದ ಹೊತ್ತಿನಲ್ಲಿ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಬರುವ ಒಬ್ಬ ಮನುಷ್ಯನ ಹೆಸರನ್ನು ನಾನು ಬರೆಯುವುದಿಲ್ಲ. ಹೆದರಿಕೆ ಎಂದುಕೊಳ್ಳಬೇಡಿ. ಆ ಹೆಸರು ಬರೆದು ಕೈ ಹೊಲಸು ಮಾಡಿಕೊಳ್ಳಲು ನನಗೆ ಮನಸ್ಸಿಲ್ಲ. ಸಾಹೇಬ ಅಂದರೆ ಸಾಕು, ಅವನಿಗೆ ಅದೇ ಹೆಚ್ಚಾಯಿತು.

ಗೋಕಾಕದ ಹೊರಗೆ ಒಂದು ಖಾಸಗಿ ಲ್ಯಾಬಿನಲ್ಲಿ ನನ್ನ ಕೆಲಸ. ಆಗಲೂ ಅಲ್ಲೇ, ಈಗಲೂ ಅಲ್ಲೇ. ಸಂದುನೋವಿಗೆ, ಕ್ಯಾನ್ಸರಿಗೆ ಈಗ ಹೊಸ ಬಗೆಯ ಔಷಧಗಳು ಬಂದಿವೆಯಲ್ಲ, ಜೀವಕೋಶಗಳಲ್ಲಿ ಬೆಳೆಸಿ ತೆಗೆಯುವಂಥವು, ಅವುಗಳ ಸಂಶೋಧನೆಗೆ ಬೇಕಾದ ಪರೀಕ್ಷೆಗಳನ್ನು ನಾವು ಮಾಡಿಕೊಡುತ್ತೇವೆ. ಇಂಥ ಔಷಧ ಕೊಟ್ಟಾಗ ಕೆಲವರ ದೇಹ ಅದನ್ನು ಬೇಕಾದದ್ದು ಎಂದು ತಿಳಿಯುವುದಿಲ್ಲ, ವೈರಿ ಎಂದು ತಿಳಿದು ತಿರುಗಿ ಬೀಳುತ್ತದೆ. ಹಾಗೆ ತಿರುಗಿ ಬಿದ್ದಿದೆಯೋ ಇಲ್ಲವೋ ಎಂದು ರಕ್ತದಿಂದ ತೆಗೆದ ತಿಳಿನೀರಿನಲ್ಲಿ, ಅಂದರೆ ಸೀರಮ್ಮಿನಲ್ಲಿ, ನೋಡಬೇಕು. ಸಣ್ಣ ಸಣ್ಣ ಕುಳಿಗಳಿರುವ ಬಿಳಿ ಪ್ಲೇಟಿನಲ್ಲಿ ಔಷಧವನ್ನು ಅಂಟಿಸಿರುತ್ತೇವೆ. ಅದರ ಮೇಲೆ ಸೀರಮ್ ಹಾಕಿ, ತೊಳೆದು, ಕೊನೆಗೆ ಬೆಳಕು ಬರಿಸುವ ದ್ರಾವಣ ಹಾಕಿ, ಕತ್ತಲೆಯ ಯಂತ್ರದೊಳಗೆ ಇಡುತ್ತೇವೆ. ದೇಹ ವೈರ ಕಟ್ಟಿಕೊಂಡಿದ್ದರೆ ಆ ಕುಳಿ ಬೆಳಗುತ್ತದೆ. ಇಲ್ಲದಿದ್ದರೆ ಕತ್ತಲೆ. ನಮ್ಮ ವಿದ್ಯೆಯೆಲ್ಲ ಇಷ್ಟೇ.

ಆದರೆ ಯಂತ್ರ ಖರೆ ಹೇಳುತ್ತಿದೆಯೋ ಸುಳ್ಳು ಹೇಳುತ್ತಿದೆಯೋ ಎಂದು ತಿಳಿಯಲು ಪ್ರತಿ ಪ್ಲೇಟಿನಲ್ಲೂ ಔಷಧವನ್ನೇ ಮುಟ್ಟದವರ ಸೀರಮ್ ಒಂದು ಸಾಲು ಇರಲೇಬೇಕು. ಅದಕ್ಕೆ ಕಂಟ್ರೋಲ್ ಎನ್ನುತ್ತೇವೆ. ಆ ಸಾಲು ಕತ್ತಲಾಗಿಯೇ ಇರಬೇಕು. ಅದು ಬೆಳಗಿತೋ, ಆ ಪ್ಲೇಟು ತಿಪ್ಪೆಗೆ. ಈ ಕಂಟ್ರೋಲಿಗೆ ರಕ್ತ ಎಲ್ಲಿಂದ ತರುವುದು? ಲ್ಯಾಬಿನಲ್ಲಿದ್ದ ನಾವೇ ಕೊಟ್ಟಿದ್ದೆವು. ತೋಳು ಚಾಚಿ ಕೂತು, ಒಬ್ಬರಿಗೊಬ್ಬರು ಚೇಷ್ಟೆ ಮಾಡುತ್ತ, ಆಮೇಲೆ ಚಹಾ ಕುಡಿದು ಎದ್ದಿದ್ದೆವು. ಎಲ್ಲರ ಸೀರಮ್ಮನ್ನೂ ಪರೀಕ್ಷೆ ಮಾಡಿದಾಗ ಎಲ್ಲಕ್ಕಿಂತ ಕತ್ತಲಾಗಿದ್ದದ್ದು ಶಾಹೀನಳದ್ದು. ಯಂತ್ರಕ್ಕೆ ಅಲ್ಲಿ ಏನೂ ಕಾಣಿಸಲಿಲ್ಲ. ನನ್ನದು ಮಾತ್ರ ಸ್ವಲ್ಪ ಮಿಣಿಮಿಣಿ ಎಂದಿತ್ತು.

"ನೋಡ, ನಿನ್ನ ರಕ್ತದಾಗಽ ಜಗಳ ಐತಿ" ಎಂದು ಶಾಹೀನ್ ನಕ್ಕಿದ್ದಳು. "ನಂದು ನೋಡ ಹೆಂಗ ತಣ್ಣಗ ಐತಿ."

ಶಾಹೀನ್ ಹುಕ್ಕೇರಿಯವಳು. ತಂದೆ ಇರಲಿಲ್ಲ, ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಅವಳು ಹುಕ್ಕೇರಿಯಿಂದ, ನಾನು ಮೂಡಲಗಿಯಿಂದ, ಬೇರೆ ಬೇರೆ ಬಸ್ಸು ಹಿಡಿದು ಬಂದು ಒಂದೇ ಮೇಜಿನಲ್ಲಿ ಡಬ್ಬಿ ಬಿಚ್ಚುತ್ತಿದ್ದೆವು. ತಣ್ಣಗಿನ ಹೆಣ್ಣು ಎಂದು ಅವಳೇ ಹೇಳಿಕೊಂಡಳಲ್ಲ, ಹಾಗೆಯೇ ಇದ್ದಳು. ನಾನು ಎರಡು ಮಾತಿಗೆ ಜಗಳಕ್ಕೆ ನಿಲ್ಲುವವಳು. ಅವಳು ನನ್ನ ಕುಪ್ಪಸದ ತೋಳು ಎಳೆದು ಕೂಡಿಸುವವಳು. ಅವಳ ಸೀರಮ್ಮನ್ನು ಸಣ್ಣ ಸಣ್ಣ ಸೀಸೆಗಳಲ್ಲಿ ತುಂಬಿ, ಹೆಸರು ತೆಗೆದು ಬರೀ ಗುರುತು ಹಾಕಿ, ವರ್ಷಾನುಗಟ್ಟಲೆ ಬಳಸಲು ದೊಡ್ಡ ಫ್ರೀಜರಿನಲ್ಲಿ ಇಟ್ಟರು. "ಇಂಥಾ ಕಂಟ್ರೋಲ್ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕು" ಎಂದು ಲ್ಯಾಬಿನ ಮುಖ್ಯಸ್ಥನಾಗಿದ್ದ ಸಾಹೇಬನೇ ಬಾಯ್ತುಂಬ ಹೊಗಳಿದ್ದ. ಆಗ ಹೊಗಳಿದ ಬಾಯಿ ಅದು.

ಒಂದು ಬೇಸಿಗೆಯಲ್ಲಿ ನಾನು ತಮ್ಮನ ಮದುವೆಗೆ ರಜೆ ಹಾಕಿ ಊರಿನಲ್ಲಿದ್ದೆ. ಆ ದಿನಗಳಲ್ಲೇ ಇದು ನಡೆಯಿತು. ಫ್ರೀಜರಿನ ತಂಪು ಇಳಿದರೆ ಗಂಟೆ ಹೊಡೆದುಕೊಳ್ಳುತ್ತದೆ. ಹಾಳಾದ ಗಂಟೆ, ಕಿವಿ ತೂತು ಬೀಳಬೇಕು ಹಾಗೆ ಕೂಗುತ್ತದೆ. ಸಾಹೇಬನ ಖೋಲಿಯಲ್ಲಿ ಯಾರೋ ದೊಡ್ಡ ಜನ ಕೂತಿದ್ದರಂತೆ. ಮಾತಿಗೆ ಅಡ್ಡಿ ಬಂತೆಂದು ಆತ ಎದ್ದು ಹೋಗಿ ಗಂಟೆಯ ಬಾಯಿ ಮುಚ್ಚಿಸಿದ, ಫ್ರೀಜರಿಗೆ ಏನಾಗಿದೆ ಎಂದು ನೋಡಲಿಲ್ಲ, ಗಂಟೆ ಮತ್ತೆ ಚಾಲೂ ಮಾಡುವುದನ್ನೂ ಮರೆತ. ಮರುದಿನ ರಜೆ. ಅದರ ಮರುದಿನ ಮೊದಲು ಬಂದವಳು ಶಾಹೀನ್. ಬಾಗಿಲು ತೆಗೆದರೆ ಮೇಲಿನ ಖಾನೆಗಳಲ್ಲಿ ಎಲ್ಲ ಕರಗಿ ನೀರು. ಎಷ್ಟೋ ಊರುಗಳ ಎಷ್ಟೋ ರೋಗಿಗಳು ಕೊಟ್ಟ ರಕ್ತ ಮಣ್ಣುಪಾಲಾಗಿತ್ತು. ತಳದ ಖಾನೆಯಲ್ಲಿದ್ದ ಕಂಟ್ರೋಲಿನ ಸೀಸೆಗಳಷ್ಟೇ ಉಳಿದವು.

ಸಾಹೇಬ ಏನು ಹೇಳಿದ ಗೊತ್ತೇ? ಶಾಹೀನ್ ಬಾಗಿಲು ಸರಿಯಾಗಿ ಹಾಕದೆ ಹೋಗಿದ್ದಳು ಎಂದ. ಗಂಟೆ ಬಂದ್ ಮಾಡುವ ಕೀಲಿ ಅವನೊಬ್ಬನ ಹತ್ತಿರ ಇರುತ್ತಿತ್ತು. ಲ್ಯಾಬಿನಲ್ಲಿ ಎಲ್ಲರಿಗೂ ಅದು ಗೊತ್ತಿತ್ತು, ಒಬ್ಬರೂ ಬಾಯಿ ಬಿಡಲಿಲ್ಲ. ಅಷ್ಟಕ್ಕೇ ಬಿಟ್ಟನೇ? ಯಾರದೋ ಜೊತೆ ಫೋನಿನಲ್ಲಿ ಗುಸುಗುಸು ಮಾತಾಡುತ್ತ ಮೈಮರೆತಿದ್ದಳು ಎಂದು ಒಂದಿಷ್ಟು ಉಪ್ಪು ಖಾರವನ್ನೂ ಹಚ್ಚಿದ. ಅವಳ ಕೆಲಸ ಹೋಯಿತು. ಆ ಮಾತು ಹುಕ್ಕೇರಿಯ ಅವಳ ಗಲ್ಲಿ ಮುಟ್ಟಿತು. ಯಮಕನಮರಡಿಯ ಕಡೆ ಗೊತ್ತಾಗಿದ್ದ ಮದುವೆ ಮುರಿಯಿತು. ನೀರು ತುಂಬಲು ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರಂತೆ.

ನಾನು ರಜೆ ಮುಗಿಸಿ ಬಂದವಳು ನೇರ ಅವನ ಖೋಲಿಗೆ ಹೋದೆ. "ಕೀಲಿ ನಿಮ್ಮ ಹತ್ರ ಇತ್ತಲ್ರಿ ಸರ್?" ಎಂದೆ. "ನಿನಗೂ ಮನಿಗೆ ಹೋಗೋದೈತೇನು?" ಎಂದ. ಹೋಗುತ್ತೇನೆ ಎಂದು ರಾಜೀನಾಮೆ ಬರೆದುಕೊಂಡು ಶಾಹೀನಳಿಗೆ ಫೋನು ಹಚ್ಚಿದರೆ ಅವಳೇ ಬೈದಳು. "ಹುಚ್ಚಿ ಇದ್ದೀಯೇನ? ನೀ ಅಲ್ಲೇ ಇರು. ನನ್ನ ಪೈಕಿ ಒಬ್ಬರಾರ ಅಲ್ಲಿ ಇರಬೇಕು."

ಮಳೆಗಾಲ ಹಿಡಿದಾಗ ಅವಳಿಗೆ ಜ್ವರ ಬಂತು. ನೋಡಲು ಹೋದೆ. ಹಾಸಿಗೆಯಲ್ಲಿ ಮಲಗಿದ್ದವಳು ನನ್ನ ಕೈ ಹಿಡಿದು ಹೇಳಿದ ಮಾತು ಇಷ್ಟೇ: "ನಾ ಬಾಗಲಾ ತೆರದ ಇಟ್ಟಿಲ್ಲ. ಅದು ಅಂವನ ಬಾಯಿಲೇ ಬರಬೇಕು, ನಮ್ಮ ಗಲ್ಲಿ ಮಂದಿ ಮುಂದ. ಅಲ್ಲೀತನಕ ನಾ ಅಂವನ್ನ ಬಿಡೂದಿಲ್ಲ." ತಣ್ಣಗಿನ ಶಾಹೀನಳ ಕಣ್ಣಿನಲ್ಲಿ ಅಂಥ ಉರಿಯನ್ನು ನಾನು ಅದೇ ಮೊದಲು ನೋಡಿದ್ದು. ಆ ವಾರದಲ್ಲೇ ಹೋಗಿಬಿಟ್ಟಳು. ಡಾಕ್ಟರು ಜ್ವರ ತಲೆಗೇರಿತು ಅಂದರು. ಅವರಿಗೆ ತಿಳಿದದ್ದು ಅವರು ಅಂದರು. ಕೊಂದವನು ಯಾರೆಂದು ನನಗೆ ಗೊತ್ತು.

ಅವಳ ಹೆಸರನ್ನು ಲ್ಯಾಬಿನಲ್ಲಿ ಯಾರೂ ಎತ್ತಬಾರದು ಎಂದು ಸಾಹೇಬನ ಅಪ್ಪಣೆಯಾಯಿತು. ಆದರೆ ಅವಳ ರಕ್ತ ಬೇಕಾಗಿತ್ತು! ದಿನಾ ಒಂದು ಸೀಸೆ ಕರಗಿಸಿ ಪ್ಲೇಟಿನ ಮೊದಲ ಸಾಲಿಗೆ ಹಾಕುತ್ತಿದ್ದೆವು.

ಅವಳು ಹೋದ ಮೇಲೆ ಕೆಲವು ವಾರಗಳಿಗೆ ಕಂಟ್ರೋಲಿನ ಸಾಲು ಆಗಾಗ ಬೆಳಗತೊಡಗಿತು. ಮೊದಲು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ತೊಳೆಯುವುದರಲ್ಲಿ ಹೆಚ್ಚುಕಮ್ಮಿ ಆದರೆ ಹೀಗಾಗುತ್ತದೆ, ಪಕ್ಕದ ಕುಳಿಯ ಬೆಳಕು ಸೋರಿದರೂ ಆಗುತ್ತದೆ. ಹೊಸ ದ್ರಾವಣ ತರಿಸಿದೆವು, ಹೊಸ ಪ್ಲೇಟು ತರಿಸಿದೆವು, ಯಂತ್ರ ರಿಪೇರಿಯವನು ಬಂದು ಬಿಚ್ಚಿ ಜೋಡಿಸಿ ಏನೂ ಆಗಿಲ್ಲ ಎಂದು ಹೋದ. ನಾನೊಬ್ಬಳೇ ಮಾಡಿದ ದಿನ ಸಾಲು ಕತ್ತಲಾಗಿಯೇ ಇರುತ್ತಿತ್ತು. ಸಾಹೇಬ ಆ ಖೋಲಿಗೆ ಬಂದು ನಿಂತ ದಿನ ಬೆಳಗುತ್ತಿತ್ತು. ಇದನ್ನು ಗಮನಿಸಿದಾಗ ಕೂಡ ನಾನು ನಂಬಲಿಲ್ಲ. ಕಾಕತಾಳೀಯ ಎಂದುಕೊಂಡೆ. ಖರೆ ಹೇಳಬೇಕೆಂದರೆ, ಅವನ ಮುಖ ಬಾಡುವುದನ್ನು ನೋಡಿ ಖುಷಿಪಟ್ಟೆ, ಕಾರಣ ಏನಾದರೂ ಇರಲಿ ಎಂದು.

ಔಷಧ ಕಂಪನಿಯವರು ನಮ್ಮ ಕೆಲಸ ನೋಡಲು ಬರುವವರಿದ್ದರು. ಅವರು ಬರುವ ಹಿಂದಿನ ದಿನ ಸಾಹೇಬ ಅಂಗಿಯ ತೋಳು ಮಡಚಿಕೊಂಡು ಬಂದ. "ನಿಮಗ ಯಾರಿಗೂ ಕೈ ನೆಟ್ಟಗಿಲ್ಲ. ಸರಿ, ನಾನಽ ಮಾಡ್ತೀನಿ" ಎಂದು ಪ್ಲೇಟಿನ ಮುಂದೆ ಕೂತ. ಯಂತ್ರವಿರುವ ಖೋಲಿಗೆ ಕಿಟಕಿಯಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ. ಅವನು ಸೀರಮ್ ಹಾಕಿದ್ದ, ಅಷ್ಟೇ. ಬೆಳಕು ಬರಿಸುವ ದ್ರಾವಣ ಇನ್ನೂ ಫ್ರಿಜ್ಜಿನಲ್ಲಿತ್ತು, ಸೀಲು ಕೂಡ ಒಡೆದಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಕರೆಂಟು ಹೋಯಿತು. ನಮ್ಮ ಕಡೆ ಅದೇನು ದೊಡ್ಡ ಸುದ್ದಿಯಲ್ಲ. ಜನರೇಟರ್ ಶುರುವಾಗುವ ತನಕ ಹಾಗೇ ನಿಂತರಾಯಿತು ಎಂದು ನಿಂತೆವು. ಗವ್ವೆನ್ನುವ ಕತ್ತಲೆ. ಆ ಕತ್ತಲೆಯಲ್ಲಿ ಮೇಜಿನ ಮೇಲೆ ಏನೋ ನೀಲಿ ಕಂಡಿತು. ಮೊದಲು ಅವನ ಮೊಬೈಲು ಎಂದುಕೊಂಡೆ. ಮೊಬೈಲಾಗಿರಲಿಲ್ಲ. ಪ್ಲೇಟಿನ ಮೊದಲ ಸಾಲು ಬೆಳಗುತ್ತಿತ್ತು. ಗ್ಯಾಸ್ ಒಲೆಯನ್ನು ಸಣ್ಣಗೆ ಮಾಡಿದಾಗ ಕಾಣುವ ನೀಲಿ, ಒಂದರ ಕೆಳಗೊಂದು ಕುಳಿ, ಬೇರೆಲ್ಲ ಕುಳಿಗಳೂ ಕತ್ತಲೆ. ಯಂತ್ರದ ಕಣ್ಣಿಗೂ ಕಷ್ಟಪಟ್ಟು ಕಾಣುವ ಬೆಳಕು ನಮ್ಮ ಬರಿಗಣ್ಣಿಗೆ ಕಾಣುತ್ತಿತ್ತು.

"ಏನಿದು? ಏನ ಹಾಕೀದಿ ಇದರಾಗ?" ಎಂದು ಚೀರಿದ.

"ಹಾಕಿದವರು ನೀವಽ ಅಲ್ರಿ ಸರ್" ಎಂದೆ.

ಅವನು ಪ್ಲೇಟು ಮುಚ್ಚುವ ಬೆಳ್ಳಿ ಬಣ್ಣದ ಹಾಳೆ ಹುಡುಕಿ ಮೇಲೆ ಒತ್ತಿದ. ಅಂಚಿನಿಂದ ಬೆಳಕು ಹೊರಗೆ ಬಂತು, ಮೊದಲಿಗಿಂತ ಹೆಚ್ಚಾಯಿತು. ನನಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಅವಳು ಅಲ್ಲಿದ್ದಾಳೆ ಎಂದು ನನಗೆ ಅನ್ನಿಸಿತು, ಅದನ್ನು ಮುಚ್ಚಿಟ್ಟು ಏನು ಮಾಡಲಿ. "ಯಾರ ಸೀರಮ್ ಅದು ನೆನಪೈತೇನ್ರಿ?" ಎಂದು ಕೇಳಿದೆ.

ಅವನು ಪ್ಲೇಟಿನ ಕಡೆಗೇ ಬಗ್ಗಿ, ನನಗೆ ಅಲ್ಲ, ಅದಕ್ಕೆ ಹೇಳಿದ: "ಗಂಟಿ ಬಂದ್ ಮಾಡಿದ್ದು ನಾನು. ಶಾಹೀನ್ ಏನೂ ಮಾಡಿದ್ದಿಲ್ಲ. ತಪ್ಪಾತು."

ಬೆಳಕು ಆರಿತು. ಊದಿದ ಹಾಗೆ ಒಮ್ಮೆಲೇ ಅಲ್ಲ, ನಿಧಾನ, ಒಂದೊಂದೇ ಕುಳಿ. ಹೊರಗೆ ಜನರೇಟರ್ ಗುಡುಗಿತು, ಟ್ಯೂಬ್‌ಲೈಟು ಹತ್ತಿತು. ಮೇಜಿನ ಮೇಲೆ ಬಿಳಿ ಪ್ಲೇಟು, ಕುಳಿಯಲ್ಲಿ ಹನಿ ನೀರು. ಸಾಹೇಬ ಮುಖ ಒರೆಸಿಕೊಂಡ.

ಆಮೇಲೆ ಅವನು ಮಾಡಿದ್ದನ್ನು ಕೇಳಿ. "ಸರ್, ಈಗ ಅಂದದ್ದನ್ನ ಶಾಹೀನಳ ಅವ್ವನ ಮುಂದ ಬಂದು ಹೇಳ್ರಿ" ಎಂದು ನಾನು ಕೇಳಿದಾಗ, ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಾ ಏನಂದೆ? ನೀ ಏನ ಕೇಳಿದಿ? ಬಿಳಿ ಪ್ಲೇಟು ಬೆಳಕಿನಾಗ ಇಟ್ಟು ಕತ್ತಲಿಗೆ ತಂದ್ರ ಮಿನಗತೈತಿ, ಅಷ್ಟೂ ತಿಳಿಯೂದಿಲ್ಲೇನ?" ಎಂದ. ಮಿನುಗುತ್ತದೆ, ಖರೆ. ನಾನೂ ಓದಿದ್ದೇನೆ. ಆದರೆ ಹಾಗೆ ಮಿನುಗಿದರೆ ಇಡೀ ಪ್ಲೇಟು ಮಿನುಗಬೇಕು, ಒಂದು ಸಾಲು ಅಲ್ಲ. ಮರುದಿನ ಕಂಪನಿಯವರು ಬಂದರು. ಕಂಟ್ರೋಲ್ ಕತ್ತಲಾಗಿ ಚೆಂದ ಬಂತು. ಸಾಹೇಬ ಅವರಿಗೆ ಕರದಂಟಿನ ಡಬ್ಬಿ ಕೊಟ್ಟು, ಹಿಂದೆ ಸ್ಯಾಂಪಲ್ ಕೆಟ್ಟದ್ದು ಒಬ್ಬ ಹುಡುಗಿಯ ಬೇಜವಾಬ್ದಾರಿಯಿಂದ ಎಂದು ನಗುನಗುತ್ತ ಹೇಳಿದ. ಕೆಲವೇ ತಿಂಗಳಲ್ಲಿ ದೂರದ ಒಂದು ದೊಡ್ಡ ಲ್ಯಾಬಿನಲ್ಲಿ ಹೆಚ್ಚಿನ ಹುದ್ದೆ ಸಿಕ್ಕಿತು, ಹಾರ ಹಾಕಿಸಿಕೊಂಡು ಹೊರಟುಹೋದ.

ನನಗೆ ಅವನ ಮೇಲೆ ಬಂದ ಸಿಟ್ಟಿಗಿಂತ ಶಾಹೀನಳ ಮೇಲೆ ಹೆಚ್ಚು ಬಂತು. ಫ್ರೀಜರಿನ ಮುಂದೆ ನಿಂತು ಬೈದೇಬಿಟ್ಟೆ. "ಕತ್ತಲ್ಯಾಗ ಗುಸುಗುಸು ಅಂದ್ರ ಬಿಟ್ಟುಬಿಡೂದೇನ? ಗಲ್ಲಿ ಮಂದಿ ಮುಂದ ಅಂದಿದ್ದಿ! ಬರೇ ಪೆದ್ದಿ ನೀ." ಭೂತವನ್ನೇ ನಂಬದವಳು ಫ್ರೀಜರಿನ ಜೊತೆ ಜಗಳಕ್ಕೆ ನಿಂತದ್ದು ಯಾರಾದರೂ ನೋಡಿದ್ದರೆ ನನ್ನನ್ನು ಧಾರವಾಡದ ಹುಚ್ಚಾಸ್ಪತ್ರೆಗೆ ಕಳಿಸುತ್ತಿದ್ದರು.

ವರ್ಷದ ಮೇಲಾಯಿತು. ನಮ್ಮಲ್ಲಿ ಹೊಸ ಮೇಡಂ ಬಂದರು. ಒಂದು ದಿನ ಅವರು ಕರೆದು, ನಾವು ಮಾಡುವ ಪರೀಕ್ಷೆಯನ್ನೇ ಇನ್ನೊಂದು ಲ್ಯಾಬು ಶುರು ಮಾಡುತ್ತಿದೆ, ಎರಡೂ ಕಡೆ ಉತ್ತರ ಒಂದೇ ಬರುತ್ತದೆಯೇ ಎಂದು ನೋಡಲು ನಮ್ಮ ಕಂಟ್ರೋಲ್ ಕೇಳಿದ್ದಾರೆ, ಕಳಿಸು ಎಂದರು. ಇದು ನಮ್ಮ ಕೆಲಸದ ರೀತಿಯೇ. ವಿಳಾಸ ನೋಡಿದೆ. ಸಾಹೇಬ ಹೋಗಿ ಸೇರಿದ ಲ್ಯಾಬು.

"ಯಾರದು ಕಳಿಸ್ಲಿ ಮೇಡಂ?" ಎಂದು ಕೇಳಿದೆ.

"ಯಾವುದಾದ್ರೂ ನಡೀತೈತಿ. ಎಲ್ಲಾದ್ರಕ್ಕಿಂತ ಚಲೋ ಇದ್ದದ್ದು ಕಳಸು."

ಎಲ್ಲದಕ್ಕಿಂತ ಚಲೋ ಇದ್ದದ್ದು ಯಾವುದು ಎಂದು ನಿಮಗೆ ಗೊತ್ತಿದೆ. ಸೀಸೆಯ ಮೇಲೆ ಹೆಸರಿರಲಿಲ್ಲ, ಬರೀ ಗುರುತು. ನಾನೇ ನನ್ನ ಕೈಯಾರೆ ಥರ್ಮೋಕೋಲಿನ ಪೆಟ್ಟಿಗೆಯಲ್ಲಿ ಹೊಗೆಯಾಡುವ ಒಣ ಮಂಜುಗಡ್ಡೆಯ ನಡುವೆ ಇಟ್ಟು, ಟೇಪು ಸುತ್ತಿದೆ. ಸುತ್ತುವಾಗ ಬಗ್ಗಿ, "ಈ ಸಲ ಪುಕ್ಕಟ ಬಿಡಬ್ಯಾಡ" ಎಂದೆ.

ಹೆಚ್ಚು ದಿನ ಕಾಯಬೇಕಾಗಲಿಲ್ಲ. ಸಾಹೇಬನ ಫೋನು ಬಂತು. ಹಲೋ ಕೂಡ ಅನ್ನದೆ, "ನೀ ಕಳಿಸಿದ್ದು ಯಾರದು?" ಎಂದ. ಆ ದನಿಯಲ್ಲಿ ಸಾಹೇಬಿಕೆ ಏನೂ ಉಳಿದಿರಲಿಲ್ಲ. ಅಲ್ಲಿ ಏನಾಯಿತು, ಏನು ಕಂಡ, ಯಾರೆದುರು ಕಂಡ, ನಾನು ಕೇಳಲಿಲ್ಲ. ಇವತ್ತಿಗೂ ನನಗೆ ಗೊತ್ತಿಲ್ಲ.

"ಖಾಲಾನ ನಂಬರ್ ಕೊಡ್ಲೇನ್ರಿ ಸರ್?" ಎಂದೆ.

"ಕೊಡು" ಎಂದ.

ಶಾಹೀನಳ ತಾಯಿಯನ್ನು ನಾನು ಖಾಲಾ ಎನ್ನುತ್ತೇನೆ. ಆಕೆ ಫೋನಿನಲ್ಲಿ ಅವನ ಮಾತನ್ನು ಪೂರ್ತಿ ಆಡಲಿಕ್ಕೇ ಬಿಡಲಿಲ್ಲವಂತೆ. "ಫೋನ್‌ನ್ಯಾಗ ಬ್ಯಾಡ. ನನ್ನ ಮಗಳ ಹೆಸರು ಎಲ್ಲಿ ಕೆಟ್ಟೈತೋ ಅಲ್ಲಿ ಬರ್ರಿ" ಎಂದಳಂತೆ. ಶುಕ್ರವಾರ ಬಂದ. ನಾನೂ ರಜೆ ಹಾಕಿ ಹುಕ್ಕೇರಿಗೆ ಹೋಗಿದ್ದೆ. ಇಂಥದ್ದನ್ನು ಬಿಟ್ಟೇನೇ ನಾನು? ಮಧ್ಯಾಹ್ನದ ನಮಾಜು ಮುಗಿಸಿ ಗಂಡಸರು ಗಲ್ಲಿಗೆ ತಿರುಗುವ ಹೊತ್ತು. ಹೆಂಗಸರೂ ಬಾಗಿಲಿಗೆ ಬಂದರು. ಸಾಹೇಬ ಬಿಸಿಲಲ್ಲಿ ನಿಂತಿದ್ದ, ಸೊರಗಿ ಅರ್ಧವಾಗಿದ್ದ. ನಮ್ಮ ಕಡೆ ವೈರಿ ಬಾಗಿಲಿಗೆ ಬಂದರೂ ಮೊದಲು ನೀರು ಕೊಡುತ್ತಾರೆ. ಖಾಲಾ ಕೊಡಲಿಲ್ಲ. ಕೂಡ್ರಿ ಎಂದೂ ಅನ್ನಲಿಲ್ಲ. ಹೊಸ್ತಿಲಲ್ಲಿ ನಿಂತು, "ಹೇಳ್ರಿ. ಎಲ್ಲಾರಿಗೂ ಕೇಳಬೇಕು" ಎಂದಳು.

ಹೇಳಿದ. "ಫ್ರೀಜರಿನ ಗಂಟಿ ಬಂದ್ ಮಾಡಿದಾಂವ ನಾನ್ರಿ. ಮರತದ್ದೂ ನಾನು. ಶಾಹೀನ್ ಏನೂ ತಪ್ಪು ಮಾಡಿದ್ದಿಲ್ಲ. ಅಕಿ ಫೋನಿನ ಬಗ್ಗೆ ಅಂದದ್ದೂ ಪೂರಾ ಸುಳ್ಳು." ಹಿಂದೆ ಇದ್ದ ಒಬ್ಬ ಮುದುಕಿ "ಜೋರಿಲೇ ಹೇಳ್ರಿ, ನನಗ ಕೇಳಿಸಲಿಲ್ಲ" ಎಂದಳು. ಇನ್ನೊಮ್ಮೆ ಹೇಳಿದ. ಆ ಮುದುಕಿಯ ಬಾಯಿಗೆ ಸಕ್ಕರೆ ಹಾಕಬೇಕು ಅನ್ನಿಸಿತು ನನಗೆ.

ಎಲ್ಲ ಮುಗಿದ ಮೇಲೆ ಖಾಲಾ ಒಳಗೆ ಹೋಗಿ ಒಂದು ಗ್ಲಾಸು ನೀರು ತಂದಳು. "ಕುಡೀರಿ. ಇನ್ನ ಹೋಗ್ರಿ" ಎಂದಳು. ನಾನಾಗಿದ್ದರೆ ತರುತ್ತಿರಲಿಲ್ಲ.

ಮರುದಿನ ಲ್ಯಾಬಿಗೆ ಹೋಗಿ ಮೊದಲು ಶಾಹೀನಳ ಸೀಸೆ ತೆಗೆದೆ. ಪ್ಲೇಟು ಹಚ್ಚಿದೆ. ಕತ್ತಲೆ. ದೀಪ ಆರಿಸಿ ಬರಿಗಣ್ಣಿನಿಂದ ನೋಡುತ್ತ ಕೂತೆ. ಕತ್ತಲೆ. ಆಮೇಲೆ ಎಷ್ಟು ಸಲ ಮಾಡಿದ್ದೇನೆ, ಯಾರ್ಯಾರ ಎದುರು ಮಾಡಿದ್ದೇನೆ, ಒಮ್ಮೆಯೂ ಮಿಣುಕ್ ಅಂದಿಲ್ಲ. ಮೇಡಂ ಇದನ್ನೆಲ್ಲ ಕೇಳಿ ಸೀಸೆಯಲ್ಲಿ ಏನೋ ಕೊಳೆ ಸೇರಿರಬೇಕು ಎಂದರು. ದ್ರಾವಣವೇ ಹಾಕದೆ ಹೇಗೆ ಬೆಳಗಿತು ಎಂದರೆ ಮುಂದಿನ ಪ್ಲೇಟು ಹಚ್ಚು ಎನ್ನುತ್ತಾರೆ. ದೆವ್ವ ಇದೆ ಎಂದು ಹೇಳಲು ಇವತ್ತಿಗೂ ನನ್ನ ನಾಲಿಗೆ ಹೊರಳುವುದಿಲ್ಲ. ನಿಂಬೆಹಣ್ಣು ಕಂಡರೆ ಮಾತ್ರ ಈಗ ಬಾಜೂಕ್ಕೆ ಸರಿದು ಹೋಗುತ್ತೇನೆ.

ಅವಳ ಸೀಸೆಗಳು ಮುಗಿಯುತ್ತ ಬಂದಿವೆ. ನನ್ನ ಸಿಟ್ಟು ಇನ್ನೂ ಆರಿಲ್ಲ, ಅವನು ಎದುರಿಗೆ ಸಿಕ್ಕರೆ ಇವತ್ತಿಗೂ ಉಗಿಯುತ್ತೇನೆ. ಅವಳದು ಆರಿಹೋಯಿತು. ಒಮ್ಮೊಮ್ಮೆ ಖೋಲಿಯಲ್ಲಿ ಯಾರೂ ಇಲ್ಲದಾಗ ದೀಪ ಆರಿಸಿ ಆ ಸಾಲನ್ನು ನೋಡುತ್ತ, ಒಂದು ಕುಳಿಯಾದರೂ ಬೆಳಗಲಿ ಎಂದು ಕೂತಿರುತ್ತೇನೆ. ಬೆಳಗುವುದಿಲ್ಲ. ಶಾಹೀನ್ ಸತ್ತದ್ದು ನನಗೆ ಅರ್ಥವಾದದ್ದು ಹಾಗೆ ಕೂತಾಗಲೇ.